ವಾಟರ್‌ಮೇಕರ್ ಇಲ್ಲದೆ ಫಿಜಿಯಲ್ಲಿ: ನಮ್ಮ ದೋಣಿಯ ನೀರಿನ ಲೆಕ್ಕ

ಫಿಜಿಯ ಒಣ ಕಾಲ, ಅಂದರೆ ಹೆಚ್ಚುಕಡಿಮೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ (ವಾಟರ್‌ಮೇಕರ್) ಇಲ್ಲದೆ ನಾವು ನಾಲ್ಕು ಜನ ಬಹುಪಾಲು ಮಳೆ ನೀರಲ್ಲೇ ದೋಣಿ ಸಂಸಾರ ನಡೆಸಿದೆವು. ಸವುಸವು ಬಂದರಿನಲ್ಲಿ ಪಕ್ಕ ಲಂಗರು ಹಾಕಿದ್ದವರೆಲ್ಲ ಆಗೋದಿಲ್ಲ ಅಂದಿದ್ದರು. ಅವರ ಮಾತೂ ಸುಳ್ಳಲ್ಲ. ಆಗ್ನೇಯದ ಗಾಳಿ ತಂದ ಮಳೆಯೆಲ್ಲ ದೊಡ್ಡ ದ್ವೀಪಗಳ ಆ ಮಗ್ಗುಲಿಗೇ ಸುರಿದುಹೋಗುತ್ತದೆ, ಪಶ್ಚಿಮದ ಯಸಾವಾ ದ್ವೀಪಸಾಲಿಗೆ ಉಳಿಯೋದು ಚೂರುಪಾರು. ಅಲ್ಲಿನ ಹಳ್ಳಿಗಳಿಗೇ ನೀರಿನ ತಾಪತ್ರಯ. ಊರಿಗೆ ಬಂದವರು ಕಾಣಿಕೆ ಕೊಟ್ಟು ಅನುಮತಿ ಕೇಳುವ ಸೆವುಸೆವುಗೆ ಯಂಗೋನಾ (ಕಾವಾ) ಬೇರಿನ ಕಟ್ಟು ಹಿಡಿದು ಊರ ಹಿರಿಯರ ಮುಂದೆ ಕೂತು, ಆಮೇಲೆ ಅವರ ಹತ್ತಿರವೇ ಕ್ಯಾನು ಚಾಚೋದು ಸರಿಯಲ್ಲ.

ವಾಟರ್‌ಮೇಕರಿಗೆ ವಿಚಾರಿಸಿದಾಗ ಎಲ್ಲ ಸೇರಿ ಸುಮಾರು ಐದು ಲಕ್ಷ ರೂಪಾಯಿ ಅಂದರು. ಅದಕ್ಕೆ ತಕ್ಕ ಬ್ಯಾಟರಿ, ಸೋಲಾರ್ ಬೇರೆ. ನಮ್ಮನೆಯವರು ತಗೊಂಡುಬಿಡೋಣ ಅಂತಲೇ ಇದ್ದರು. ನಾನು ಒಪ್ಪಲಿಲ್ಲ. ಅಡಿಕೆ ದಬ್ಬೆಯಲ್ಲಿ ಗುಡ್ಡದ ಅಬ್ಬಿ ನೀರು ಅಂಗಳಕ್ಕೆ ಬರುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಇಳಿಜಾರು ಸರಿಯಿದ್ದರೆ ನೀರು ತಾನೇ ಬರುತ್ತದೆ ಅನ್ನೋದು ಗೊತ್ತಿತ್ತು.

ಮೊದಲು ಬೂಮ್, ಅಂದರೆ ಹಾಯಿಯ ಅಡಿಯ ಅಡ್ಡಗೋಲಿನ ಮೇಲೆ ನೀಲಿ ಟಾರ್ಪಾಲು ಕಟ್ಟಿದೆವು. ಮಳೆ ಬರೋದೇ ಗಾಳಿಯ ಜೊತೆ ಅಲ್ವಾ? ಇಪ್ಪತ್ತೈದು ನಾಟ್ (ಗಂಟೆಗೆ ಸುಮಾರು ನಲವತ್ತಾರು ಕಿಲೋಮೀಟರ್) ಗಾಳಿಗೆ ಟಾರ್ಪಾಲು ಪಟಪಟ ಹೊಡೆದುಕೊಂಡು ಹಗ್ಗ ಕಟ್ಟುವ ಐಲೆಟ್‌ಗಳು ಕಿತ್ತುಬಂದವು. ಬಿದ್ದ ನೀರಲ್ಲಿ ಮುಕ್ಕಾಲು ಪಾಲು ಸಮುದ್ರಕ್ಕೇ ಹೋಯಿತು. ಆಮೇಲೆ ಡೆಕ್ಕಿಗೆ ಟವೆಲ್ ಸುರುಳಿ ಅಡ್ಡ ಇಟ್ಟು ನೀರನ್ನು ಟ್ಯಾಂಕಿನ ಬಾಯಿಗೆ ತಿರುಗಿಸಿದೆವು. ದಿನವಿಡೀ ಸಿಡಿದ ಉಪ್ಪು ಹತ್ತು ನಿಮಿಷದ ಮಳೆಗೆ ತೊಳೆದುಹೋಗಲಿಲ್ಲ. ನೂರು ಲೀಟರಿನಷ್ಟು ಹೊರಗೆ ಚೆಲ್ಲಬೇಕಾಯಿತು. ಮೂರನೆಯದು ಮಳೆ ನೀರು ಹಿಡಿಯೋಕೆ ಅಂಗಡಿಯಲ್ಲಿ ಸಿಗುವ ಸಿದ್ಧ ಬಟ್ಟೆ. ಅದರ ನೀರಲ್ಲಿ ಚಹಾ ಮಾಡಿದರೂ ಪ್ಲಾಸ್ಟಿಕ್ ವಾಸನೆ.

ಕೊನೆಗೆ ಗೆದ್ದದ್ದು ದಪ್ಪ ಬಟ್ಟೆಯ ಸಣ್ಣ ತುಂಡು, ಎರಡು ಮೀಟರಿಗೆ ಮೂರು ಮೀಟರ್. ಮಾಸ್ಟಿನ (ಹಾಯಿಕಂಬದ) ಮುಂದೆ, ಡೆಕ್ಕಿನಿಂದ ಮೊಣಕಾಲೆತ್ತರಕ್ಕೆ ಕಟ್ಟುತ್ತೇವೆ. ಅಷ್ಟು ತಗ್ಗಿನಲ್ಲಿದ್ದರೆ ಗಾಳಿ ಅಡಿಗೆ ನುಗ್ಗೋದು ಕಮ್ಮಿ. ನಡುವೆ ದೋಣಿಯ ಮೈಯಲ್ಲಿ ಪೈಪು ಹಾಯಿಸೋಕೆ ಬಳಸುವ ಕಂಚಿನ ಹಳೇ ಥ್ರೂ-ಹಲ್ ಫಿಟ್ಟಿಂಗ್ ಕೂರಿಸಿದ್ದೇವೆ. ಅದರ ಭಾರಕ್ಕೆ ಬಟ್ಟೆ ಜಗ್ಗಿ ನಿಲ್ಲುತ್ತದೆ, ಪೈಪು ಸಿಕ್ಕಿಸೋಕೂ ಅದೇ. ಜೋರು ಗಾಳಿ ಬಂದಾಗ ಮುಂದಿನ ಮೂಲೆ ತಾನೇ ಸಡಿಲಾಗಿ ಮತ್ತೆ ಬಿಗಿಯಾಗುವ ಹಾಗೆ ಒಂದು ಏರ್ಪಾಡಿದೆ. ಅದನ್ನು ಇಲ್ಲಿ ಬರೆಯೋದಿಲ್ಲ, ಲಂಗರು ಹಾಕಿದಲ್ಲಿ ಸಿಕ್ಕರೆ ತೋರಿಸ್ತೇನೆ. ಹೊಲಿಗೆ, ಪೈಪು ಎಲ್ಲ ಸೇರಿ ಐನೂರು ಫಿಜಿ ಡಾಲರ್, ಹದಿನೆಂಟು ಸಾವಿರ ರೂಪಾಯಿ ಚಿಲ್ಲರೆ ಆಗಿರಬಹುದು.

ಒಂದು ಮಿಲಿಮೀಟರ್ ಮಳೆಗೆ ಚದರ ಮೀಟರಿಗೆ ಒಂದು ಲೀಟರ್. ಒಳ್ಳೆಯ ಹೊಡೆತ ಬಿದ್ದರೆ ಒಂದೇ ರಾತ್ರಿ ಎಂಬತ್ತು, ನೂರು ಲೀಟರ್ ಹಿಡಿದದ್ದಿದೆ. ಮೊದಲ ಹತ್ತು ನಿಮಿಷದ ನೀರು ಸಮುದ್ರಕ್ಕೆ. ರುಚಿ ನೋಡೋದು ಮಗಳ ಕೆಲಸ. ಹ್ಯಾಚ್ (ಡೆಕ್ಕಿನ ಬಾಗಿಲು) ತೆರೆದು, ಪೈಪಿನ ತುದಿಗೆ ಅಂಗೈ ಒಡ್ಡಿ, ನಿದ್ದೆಗಣ್ಣಲ್ಲೇ ನಾಲಿಗೆಗೆ ಹಚ್ಚಿ, "ಉಪ್ಪಿಲ್ಲಮ್ಮಾ" ಅನ್ನುತ್ತಾಳೆ. ಆಮೇಲೆ ಹಳೇ ವೇಷ್ಟಿಯ ಎರಡು ಪದರದಲ್ಲಿ ಸೋಸಿ ಟ್ಯಾಂಕಿಗೆ. ಅವಳ ನಾಲಿಗೆ ಒಮ್ಮೆಯೂ ತಪ್ಪಿಲ್ಲ.

ಹಿಡಿದಷ್ಟೇ ಮುಖ್ಯ, ಖರ್ಚು ಇಳಿಸೋದು. ನಮ್ಮದು ದಿನಕ್ಕೆ ಇಪ್ಪತ್ತೈದು, ಮೂವತ್ತು ಲೀಟರ್. ಪಾತ್ರೆ ಸಮುದ್ರದ ನೀರಲ್ಲಿ ತೊಳೆದು ಕೊನೆಯ ಅಲುಬಾಟಕ್ಕೆ ಮಾತ್ರ ಸಿಹಿನೀರು. ಸ್ನಾನವೂ ಹಾಗೇ: ಸಮುದ್ರದಲ್ಲಿ ಮುಳುಗಿ ಸೋಪು ಹಚ್ಚಿ, ಆಮೇಲೆ ಗಿಡಕ್ಕೆ ಔಷಧಿ ಹೊಡೆಯುವಂಥ ಕೈಪಂಪಿನಲ್ಲಿ ತಲಾ ಒಂದೂವರೆ ಲೀಟರ್. ಪಂಪು ಹೊಸದೇ ಇರಲಿ, ಔಷಧಿ ಹಾಕಿದ್ದು ಬೇಡ. ಬಟ್ಟೆಗೆ ಮಾತ್ರ ಈ ಉಪಾಯ ನಡೆಯೋದಿಲ್ಲ. ಉಪ್ಪು ಉಳಿದ ಬಟ್ಟೆ ಗಾಳಿಯ ತೇವ ಎಳೆದುಕೊಂಡು ಯಾವಾಗಲೂ ಹಸಿಹಸಿ. ಹಾಗಾಗಿ ದೊಡ್ಡ ಮಳೆ ಬಂದ ದಿನವೇ ಒಗೆತ.

ಅಡುಗೆಯಲ್ಲೂ ಪ್ರಯೋಗ ಮಾಡಿದೆ. ಅನ್ನಕ್ಕೆ ನಾಲ್ಕು ಲೋಟದಲ್ಲಿ ಒಂದು ಲೋಟ ಸಮುದ್ರದ ನೀರು ಹಾಕಿದರೆ ಉಪ್ಪು ಹದವಾಗಿರುತ್ತದೆ. ಬಂದರಿನ ನೀರಲ್ಲ, ದೂರದ ತಿಳಿ ನೀರು. ತೊಗರಿ ಬೇಳೆಗೆ ಹಾಕಿದರೆ ಕುಕ್ಕರ್ ಎಷ್ಟು ಕೂಗಿದರೂ ಕಲ್ಲು. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಮೆತ್ತಗಾಗೋಕೆ ಬಿಡೋದಿಲ್ಲ. ಬೇಳೆ, ಸಾಸಿವೆ, ಅರಿಶಿನಕ್ಕೆ ಫಿಜಿಯಲ್ಲಿ ಬರವಿಲ್ಲ. 1879ರಿಂದ ಗಿರ್ಮಿಟ್ (ಕರಾರು) ಕೂಲಿಗೆಂದು ಭಾರತದಿಂದ ಬಂದವರ ಮಕ್ಕಳು ಮೊಮ್ಮಕ್ಕಳ ಅಂಗಡಿಗಳಿವೆ, ಕರಿಬೇವೂ ಸಿಕ್ಕಿತು. ಇಡ್ಲಿ ಹಿಟ್ಟು ಆ ಸೆಖೆಗೆ ರಾತ್ರಿ ಬೆಳಗಾಗುವುದರೊಳಗೆ ಉಕ್ಕಿಬರುತ್ತಿತ್ತು. ಪಾತ್ರೆ ಮಾತ್ರ ಅರ್ಧಕ್ಕಿಂತ ಜಾಸ್ತಿ ತುಂಬಬಾರದು, ದೋಣಿ ಹೊಯ್ದಾಡಿದರೆ ನೆಲವೆಲ್ಲ ಹಿಟ್ಟು.

ಆಗಸ್ಟಿನ ಹೊತ್ತಿಗೆ ಮಳೆ ತೀರಾ ಕೈಕೊಟ್ಟಿತು. ಟ್ಯಾಂಕು ನಮ್ಮದು 400 ಲೀಟರಿನದು, ಅದು ಕಾಲು ಭಾಗಕ್ಕೆ ಇಳಿದಾಗ ಲೌಟೋಕಾ ಪಟ್ಟಣಕ್ಕೆ ಹೋಗಿ ತುಂಬಿಸಿಕೊಂಡೆವು. ಹೇಗೂ ತರಕಾರಿ, ಗ್ಯಾಸು ತರೋದಿತ್ತು. ನೀರಿಗೆ ಅಂತಲೇ ಓಡಿದ್ದು ಆ ಒಂದು ಸಲ.

ವಾಟರ್‌ಮೇಕರಿಗೆ ಎತ್ತಿಟ್ಟಿದ್ದ ದುಡ್ಡಲ್ಲಿ ಹೊಸ ಮೇನ್‌ಸೇಲ್ (ಮುಖ್ಯ ಹಾಯಿ) ಬಂತು, ಲಂಗರಿನ ಚೈನೂ ಬದಲಾಯಿತು. ಆ ಬಟ್ಟೆಯ ಅಳತೆ ತಗೊಂಡುಹೋದವರಲ್ಲಿ ಆಗೋದಿಲ್ಲ ಅಂದಿದ್ದವರೂ ಇದ್ದಾರೆ.