ತೋಟದ ಮನೆಯಲ್ಲಿ ಪೆಟ್ರೋಲ್ ಇಡುವುದು ಹೇಗೆ?

ಮಲೆನಾಡು, ಕರಾವಳಿಯ ತೋಟದ ಮನೆಗಳಲ್ಲಿ ಈಗ ಪೆಟ್ರೋಲ್ ಕ್ಯಾನ್ ಇಲ್ಲದ ಮನೆ ಕಡಿಮೆ. ಹುಲ್ಲು ಹೊಡೆಯಲು ವೀಡ್ ಕಟರ್, ಬಿದ್ದ ಮರ ಕೊಯ್ಯಲು ಚೈನ್ ಸಾ, ಅಡಿಕೆಗೆ ಮದ್ದು ಹೊಡೆಯಲು ಪವರ್ ಸ್ಪ್ರೇಯರ್, ಕರೆಂಟು ಹೋದರೆ ಸಣ್ಣ ಜನರೇಟರ್. ಆಳು ಸಿಗದ ಕಾಲದಲ್ಲಿ ಇವಿಲ್ಲದೆ ತೋಟ ನಡೆಯುವುದಿಲ್ಲ. ಮೆಷಿನ್ ಇಡಲು ಎಲ್ಲರೂ ಒಂದು ಜಾಗ ಮಾಡಿಕೊಂಡಿದ್ದಾರೆ. ಆದರೆ ಪೆಟ್ರೋಲಿಗೆ? ಅದು ಬಚ್ಚಲು ಮನೆಯ ಮೂಲೆಯಲ್ಲೋ, ಅಟ್ಟದ ಏಣಿಯ ಕೆಳಗೋ, ನೀರಿನ ಬಾಟಲಿಯಲ್ಲೋ ಇರುತ್ತದೆ. ಇದನ್ನು ಸರಿಮಾಡಲು ದೊಡ್ಡ ಖರ್ಚೇನೂ ಬೇಡ. ಬಂಕ್‌ನಿಂದ ಶುರುಮಾಡಿ ಮೆಷಿನ್‌ನ ಟ್ಯಾಂಕ್‌ವರೆಗೆ ಏನೇನು ಮಾಡಬೇಕು ಎಂದು ನೋಡೋಣ.

ಮೊದಲು ಅದರ ಗುಣ ತಿಳಿಯಿರಿ

ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದ ಏಳುವ ಆವಿ. ಹೊತ್ತಿಕೊಳ್ಳುವಷ್ಟು ಆವಿ ಏಳಲು ಬೇಕಾದ ಕನಿಷ್ಠ ಬಿಸಿಗೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದೆ. ಅಂದರೆ ಆಗುಂಬೆಯ ಮಳೆಗಾಲದ ಚಳಿಯಲ್ಲೂ ಅದು ಹೊತ್ತಿಕೊಳ್ಳಲು ತಯಾರಾಗಿಯೇ ಇರುತ್ತದೆ. ಡೀಸೆಲ್, ಸೀಮೆಎಣ್ಣೆ ಹಾಗಲ್ಲ, ಅವುಗಳಿಗೆ ಒಂದಿಷ್ಟು ಬಿಸಿ ತಾಗಬೇಕು.

ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಪೆಟ್ರೋಲ್ ಆವಿ ಗಾಳಿಗಿಂತ ಮೂರು, ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ. ನೀರಿನ ಹಾಗೆ ನೆಲದ ಮೇಲೇ ತಗ್ಗು ಹುಡುಕಿಕೊಂಡು ಹರಿಯುತ್ತದೆ, ಹೊಸ್ತಿಲು ದಾಟುತ್ತದೆ, ಮೆಟ್ಟಿಲು ಇಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಗಾಳಿಯಲ್ಲಿ ಅದು ನೂರಕ್ಕೆ ಒಂದೂವರೆ ಭಾಗದಷ್ಟಿದ್ದರೂ ಬೆಂಕಿ ಹಿಡಿಯಲು ಸಾಕು. ಮುಚ್ಚಿದ ಉಗ್ರಾಣದಲ್ಲಿ ಒಂದು ಲೀಟರ್ ಪೆಟ್ರೋಲ್ ಚೆಲ್ಲಿ ಪೂರ್ತಿ ಆವಿಯಾದರೆ, ಸಣ್ಣ ಕೋಣೆಯ ಗಾಳಿ ಇಡೀ ಹೊತ್ತಿಕೊಳ್ಳುವಂತಾಗಬಹುದು.

ಎಷ್ಟು ಇಟ್ಟುಕೊಳ್ಳಬಹುದು?

ಇದಕ್ಕೆ ಕಾನೂನಿದೆ. 1934ರ ಪೆಟ್ರೋಲಿಯಂ ಕಾಯ್ದೆ ಮತ್ತು 2002ರ ಪೆಟ್ರೋಲಿಯಂ ನಿಯಮಗಳು ಇಡೀ ದೇಶಕ್ಕೆ ಅನ್ವಯಿಸುತ್ತವೆ. ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ ಇರುವುದು ಎ ವರ್ಗ. ಪೆಟ್ರೋಲ್ ಇದರಲ್ಲೇ ಬರುತ್ತದೆ. 23ರಿಂದ 65 ಡಿಗ್ರಿಯೊಳಗಿನದು ಬಿ ವರ್ಗ.

ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಪೆಟ್ರೋಲ್ ಇಡಲು ಲೈಸೆನ್ಸ್ ಬೇಡ. ವಾಹನ ಅಥವಾ ಒಂದೇ ಕಡೆ ಕೂರಿಸಿದ ಎಂಜಿನ್ ಇರುವವರಿಗೆ ಇನ್ನೂ ಸ್ವಲ್ಪ ಸಡಿಲಿಕೆ ಇದೆ, ನೂರು ಲೀಟರ್ ಅದರ ಮಿತಿ. ಆದರೆ 30 ಲೀಟರ್ ದಾಟಿದರೆ, ಜನ ವಾಸಿಸುವ ಅಥವಾ ಕೆಲಸ ಮಾಡುವ ಕೋಣೆಗೆ ಸಂಪರ್ಕವೇ ಇಲ್ಲದ ಪ್ರತ್ಯೇಕ ಜಾಗದಲ್ಲಿ ಇಡಬೇಕು. ಮಾರಾಟಕ್ಕೆ ಈ ವಿನಾಯಿತಿ ಇಲ್ಲ. ಊರಿನ ಅಂಗಡಿಯಲ್ಲಿ ಬಾಟಲಿ ಸಾಲಾಗಿ ಇಟ್ಟು ಪೆಟ್ರೋಲ್ ಮಾರುವುದು ಉಪಕಾರದಂತೆ ಕಂಡರೂ ಕಾನೂನಿಗೆ ವಿರುದ್ಧ. ಅಂಗಡಿಯವರಿಗೂ ಅದು ಅಪಾಯ, ಗಿರಾಕಿಗೂ ಅಪಾಯ.

ಕಾನೂನು 30 ಲೀಟರ್ ಅನ್ನುತ್ತದೆ ಎಂದು 30 ಲೀಟರ್ ತಂದಿಡಬೇಕಾಗಿಲ್ಲ, ಅಲ್ವಾ? ಒಂದೆರಡು ವಾರಕ್ಕೆ ಆಗುವಷ್ಟು ತನ್ನಿ. ಐದು ಲೀಟರ್ ಇದ್ದರೆ ಹೆಚ್ಚಿನ ತೋಟಕ್ಕೆ ಸಾಕು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ನೀರು ಕೆಳಗೆ ಕೂತು, ಮೆಷಿನ್ ಸ್ಟಾರ್ಟ್ ಆಗದೆ ಕಾರ್ಬ್ಯುರೇಟರ್ ಬಿಚ್ಚಬೇಕಾಗುತ್ತದೆ.

ಯಾವ ಕ್ಯಾನ್?

ಲೈಸೆನ್ಸ್ ಇಲ್ಲದೆ ಇಡುವ ಪೆಟ್ರೋಲ್ ಬಿಗಿ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿರಬೇಕು ಎಂದು ಕಾಯ್ದೆ ಹೇಳುತ್ತದೆ. ಗಾಜು, ಪಿಂಗಾಣಿಯಾದರೆ ಒಂದು ಲೀಟರ್‌ಗಿಂತ ದೊಡ್ಡದು ಬೇಡ, ಲೋಹದ್ದಾದರೆ 25 ಲೀಟರ್‌ವರೆಗೆ ಇರಬಹುದು. ಗಾಜು ಕೈಜಾರಿದರೆ ಮುಗಿಯಿತು. ಹಾಗಾಗಿ ನನ್ನ ಸಲಹೆ ಒಂದೇ: ಐದು ಅಥವಾ ಹತ್ತು ಲೀಟರಿನ ಲೋಹದ ಜೆರ್ರಿ ಕ್ಯಾನ್. ಮುಚ್ಚಳದ ಒಳಗೆ ರಬ್ಬರ್ ವಾಷರ್ ಸರಿಯಾಗಿರಬೇಕು. ಕ್ಯಾನನ್ನು ಓರೆ ಮಾಡಿದಾಗ ಒಂದು ಹನಿಯೂ ಇಳಿಯಬಾರದು.

ನೀರಿನ ಬಾಟಲಿ, ಕೂಲ್ ಡ್ರಿಂಕ್ಸ್ ಬಾಟಲಿ, ಅಡುಗೆ ಎಣ್ಣೆಯ ಕ್ಯಾನ್ ಇವು ಯಾವುವೂ ಬೇಡ. ಬಾಟಲಿಗೆ ಹಾಕುವುದಿಲ್ಲ ಎಂದು ಬಂಕ್ ಹುಡುಗ ಹೇಳಿದರೆ ಅವನ ಮೇಲೆ ರೇಗಬೇಡಿ, ಅವನು ಸರಿಯಾಗಿಯೇ ಹೇಳುತ್ತಿದ್ದಾನೆ. ಕ್ಯಾನ್ ಮೇಲೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ ‘ಪೆಟ್ರೋಲ್’ ಎಂದು ಕನ್ನಡದಲ್ಲಿ ಬರೆಯಿರಿ. ಮೆಷಿನ್‌ಗೆಂದು ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್ ಆದರೆ ‘ಆಯಿಲ್ ಮಿಕ್ಸ್’ ಎಂದೂ ಬರೆಯಿರಿ.

ತುಂಬಿಸಿ ತರುವಾಗ

ಬಂಕ್‌ನಲ್ಲಿ ಕ್ಯಾನನ್ನು ನೆಲದ ಮೇಲೆ ಇಟ್ಟೇ ತುಂಬಿಸಬೇಕು. ಬೈಕಿನ ಟ್ಯಾಂಕ್ ಮೇಲೆ, ಜೀಪಿನ ಮ್ಯಾಟ್ ಮೇಲೆ, ಕೈಯಲ್ಲಿ ಹಿಡಿದು ತುಂಬಿಸಬಾರದು. ಪೆಟ್ರೋಲ್ ಪೈಪಿನಲ್ಲಿ ಹರಿಯುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಕ್ಯಾನ್ ನೆಲದ ಮೇಲಿದ್ದು, ನಳಿಕೆ ಅದರ ಬಾಯಿಗೆ ತಾಗಿದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ರಬ್ಬರ್ ಮ್ಯಾಟ್ ಮೇಲಿದ್ದರೆ ಇಳಿಯಲು ದಾರಿ ಇಲ್ಲದೆ ಕಿಡಿಯಾಗಬಹುದು.

ಕಂಠಪೂರ್ತಿ ತುಂಬಿಸಬೇಡಿ. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. ಇಪ್ಪತ್ತಕ್ಕೆ ಒಂದು ಭಾಗವಾದರೂ ಖಾಲಿ ಇರಲಿ. ಬಸ್ಸಿನಲ್ಲಿ ಪೆಟ್ರೋಲ್ ಒಯ್ಯುವಂತಿಲ್ಲ. ಚೀಲದಲ್ಲಿ ಮುಚ್ಚಿಟ್ಟು ಒಯ್ದರೆ ನಿಮ್ಮ ಜತೆ ಬಸ್ಸಿನಲ್ಲಿರುವ ಎಲ್ಲರನ್ನೂ ಅಪಾಯಕ್ಕೆ ಒಡ್ಡಿದಂತೆ. ಸ್ವಂತ ವಾಹನದಲ್ಲಿ ಕ್ಯಾನ್ ಅಲ್ಲಾಡದಂತೆ ಕಟ್ಟಿ ತನ್ನಿ, ಮನೆಗೆ ಬಂದ ಕೂಡಲೇ ಇಳಿಸಿ.

ಎಲ್ಲಿ ಇಡಬೇಕು?

ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಇದು. ಒಲೆ ಇರುವ ಸೂರಿನ ಕೆಳಗೆ ಪೆಟ್ರೋಲ್ ಬೇಡ.

ನಮ್ಮ ಕಡೆಯ ಮನೆಗಳನ್ನೇ ನೋಡಿ. ಬಚ್ಚಲಿನ ಹಂಡೆಯ ಒಲೆಯಲ್ಲಿ ಬೆಳಗಿನಿಂದ ಸಂಜೆವರೆಗೂ ಕೆಂಡ ಇದ್ದೇ ಇರುತ್ತದೆ. ಅಡಿಕೆ ಹಂಗಾಮಿನಲ್ಲಿ ಹಿತ್ತಲ ಕಡೆ ಅಡಿಕೆ ಬೇಯಿಸುವ ಒಲೆ ಉರಿಯುತ್ತದೆ. ದೇವರ ಮುಂದೆ ನಂದಾದೀಪ. ಅಡುಗೆ ಮನೆಯಲ್ಲಿ ಗ್ಯಾಸ್. ಫ್ರಿಜ್ ತನ್ನಷ್ಟಕ್ಕೆ ಆನ್, ಆಫ್ ಆಗುತ್ತಿರುತ್ತದೆ, ಅದರಲ್ಲೂ ಸಣ್ಣ ಕಿಡಿ ಏಳಬಹುದು. ಬಚ್ಚಲಿನ ಪಕ್ಕದ ಸೌದೆ ಮೂಲೆಯಲ್ಲಿ ಮುಚ್ಚಳ ಸಡಿಲವಾದ ಕ್ಯಾನ್ ಇದೆ ಎಂದುಕೊಳ್ಳಿ. ಬಚ್ಚಲು ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ. ಆವಿ ನೆಲ ಹಿಡಿದು ಅಲ್ಲಿಗೇ ಇಳಿಯುತ್ತದೆ. ಒಲೆಯ ಬಾಯಿ ಇರುವುದೂ ನೆಲಮಟ್ಟದಲ್ಲೇ. ಅಲ್ಲಿ ಹೊತ್ತಿದ ಬೆಂಕಿ ಅದೇ ದಾರಿಯಲ್ಲಿ ಕ್ಯಾನಿನವರೆಗೆ ವಾಪಸ್ ಓಡುತ್ತದೆ. ‘ಕ್ಯಾನ್ ಒಲೆಯಿಂದ ದೂರ ಇತ್ತಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಹಾಗಾದರೆ ಎಲ್ಲಿ? ಮನೆಗೂ ಕೊಟ್ಟಿಗೆಗೂ ಹುಲ್ಲಿನ ಬಣವೆಗೂ ತಾಗದಂತೆ, ಅಂಗಳದ ಆಚೆ ಒಂದು ಸಣ್ಣ ಗೂಡು ಕಟ್ಟಿಸಿ. ಕಲ್ಲು ಅಥವಾ ಸಿಮೆಂಟ್ ಇಟ್ಟಿಗೆಯ ಮೂರು ಗೋಡೆ, ಮೇಲೆ ಶೀಟು, ಮುಂದೆ ಬೀಗ ಹಾಕುವ ಜಾಲರಿ ಬಾಗಿಲು ಸಾಕು. ಎದುರುಬದುರು ಗೋಡೆಗಳಲ್ಲಿ ನೆಲಮಟ್ಟದಲ್ಲೇ ಗಾಳಿ ಆಡುವಂತೆ ಕಿಂಡಿ ಬಿಡಿಸಿ. ಮೇಲೆ ಕಿಂಡಿ ಇಟ್ಟು ಕೆಳಗೆ ಮುಚ್ಚಿದರೆ ಪ್ರಯೋಜನವಿಲ್ಲ. ಒಳಗೆ ಬಲ್ಬು, ಸ್ವಿಚ್ಚು ಯಾವುದೂ ಬೇಡ. ಕ್ಯಾನ್ ಇಡುವ ಜಾಗಕ್ಕೆ ಮರಳು ತುಂಬಿದ ಅಗಲವಾದ ತಗಡಿನ ಟ್ರೇ ಇಟ್ಟರೆ ಸೋರಿದ್ದು ಅಲ್ಲೇ ನಿಲ್ಲುತ್ತದೆ. ಬಾವಿ, ತೋಡು ಹತ್ತಿರವಿದ್ದರೆ ಇದು ಬೇಕೇ ಬೇಕು.

ಪಂಪ್ ಶೆಡ್‌ನಲ್ಲಿ ಇಡುವವರಿದ್ದಾರೆ. ಮೋಟಾರಿನ ಸ್ಟಾರ್ಟರ್ ಕೂತಾಗ ಕಿಡಿ ಹಾರುವುದನ್ನು ನೀವೇ ನೋಡಿರುತ್ತೀರಿ. ಅಲ್ಲೂ ಬೇಡ.

ಮೆಷಿನ್‌ಗೆ ಹಾಕುವಾಗ

ಎಂಜಿನ್ ಆಫ್ ಮಾಡಿ ಹತ್ತು ನಿಮಿಷವಾದರೂ ಕಾಯಿರಿ. ಈ ಹತ್ತು ನಿಮಿಷ ಕಾಯುವುದೇ ಕಷ್ಟ, ಯಾಕೆಂದರೆ ಕೂಲಿ ಲೆಕ್ಕದಲ್ಲಿ ಹುಲ್ಲು ಹೊಡೆಯುವವರಿಗೆ ಸಮಯವೇ ದುಡ್ಡು. ಎಲೆ ಅಡಿಕೆ ಹಾಕಿಕೊಳ್ಳಲಿ, ನೀರು ಕುಡಿಯಲಿ. ಬೀಡಿ ಮಾತ್ರ ದೂರ ಹೋಗಿ ಸೇದಲಿ. ವೀಡ್ ಕಟರಿನಲ್ಲಿ ಟ್ಯಾಂಕ್ ಇರುವುದು ಎಂಜಿನ್ನಿಗೆ ಅಂಟಿಕೊಂಡೇ, ಸೈಲೆನ್ಸರ್ ಅಲ್ಲೇ ಪಕ್ಕದಲ್ಲಿ. ಅದರ ಸುತ್ತ ಒಣಗಿದ ಹುಲ್ಲಿನ ಚೂರು ಮೆತ್ತಿಕೊಂಡಿರುತ್ತದೆ. ಮೊದಲು ಅದನ್ನು ಒರೆಸಿ ತೆಗೆಯಿರಿ. ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ, ಒಳಗಿನ ಒತ್ತಡ ಇಳಿಯಲಿ. ಆಮೇಲೆ ಆಲಿಕೆ ಇಟ್ಟು ಹಾಕಿ. ಚೆಲ್ಲಿದ್ದನ್ನು ಒರೆಸಿ, ಬಟ್ಟೆ ಒದ್ದೆಯಾಗಿದ್ದರೆ ಬದಲಿಸಿ. ತುಂಬಿದ ಜಾಗದಿಂದ ಮೂರು ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ.

ಟ್ಯೂಬ್ ಹಾಕಿ ಬಾಯಿಂದ ಎಳೆದು ಪೆಟ್ರೋಲ್ ತೆಗೆಯುವ ಅಭ್ಯಾಸ ಬಿಡಲೇಬೇಕು. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಕೈಯಲ್ಲಿ ಒತ್ತುವ ಸಣ್ಣ ಪಂಪು ಅಂಗಡಿಯಲ್ಲಿ ಸಿಗುತ್ತದೆ.

ಹಸಿ ಸೌದೆಗೆ ಪೆಟ್ರೋಲ್ ಸುರಿಯಬೇಡಿ

ರೇಷನ್ ಸೀಮೆಎಣ್ಣೆ ಸಿಗದಂತಾದ ಮೇಲೆ ಕೆಲವರು ಒಲೆ ಹೊತ್ತಿಸಲು ಪೆಟ್ರೋಲ್ ಬಳಸುತ್ತಿದ್ದಾರೆ. ಸೀಮೆಎಣ್ಣೆ ಹೊತ್ತಿದ ಹಾಗೆ ಪೆಟ್ರೋಲ್ ಹೊತ್ತುವುದಿಲ್ಲ, ಸಿಡಿಯುತ್ತದೆ. ಕಡ್ಡಿ ಗೀರುವಷ್ಟರಲ್ಲಿ ಆವಿ ಒಲೆಯ ಸುತ್ತ ತುಂಬಿರುತ್ತದೆ. ಬಗ್ಗಿ ಕೂತವರ ಮುಖಕ್ಕೇ ಬೆಂಕಿ ಹೊಡೆಯುತ್ತದೆ. ಆರಿದಂತೆ ಕಾಣುವ ಕೆಂಡದ ಮೇಲೆ ಸುರಿಯುವುದು ಇನ್ನೂ ಕೆಟ್ಟದ್ದು. ಒಣ ತೆಂಗಿನ ಗರಿ, ಅಡಿಕೆ ಸಿಪ್ಪೆ, ಕರಟ ಇವನ್ನು ಮಳೆಗಾಲಕ್ಕೆ ಮೊದಲೇ ಒಣಗಿಸಿ ಇಟ್ಟುಕೊಳ್ಳಿ. ಮನೆಯ ಹೆಂಗಸರಿಗೆ, ಕೆಲಸಕ್ಕೆ ಬರುವವರಿಗೆ, ಮಕ್ಕಳಿಗೆ ಇದನ್ನು ಕೂರಿಸಿಕೊಂಡು ಹೇಳಿ.

ಬೆಂಕಿ ಬಿದ್ದರೆ

ನೀರು ಹಾಕಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ. ಮರಳು ಹಾಕಿ, ಇಲ್ಲವೇ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಬಳಸಿ. ಐಎಸ್‌ಐ ಗುರುತಿನ ನಾಲ್ಕು ಕೆಜಿಯದು ಒಂದಿರಲಿ. ಅದನ್ನು ಗೂಡಿನ ಒಳಗಲ್ಲ, ಮನೆಯ ಜಗುಲಿಯಲ್ಲಿ ತೂಗುಹಾಕಿ. ಪಿನ್ ಎಳೆದು, ಗಾಳಿಗೆ ಬೆನ್ನು ಹಾಕಿ ನಿಂತು, ಬೆಂಕಿಯ ಬುಡಕ್ಕೆ ಆಚೀಚೆ ಆಡಿಸುತ್ತಾ ಹೊಡೆಯಿರಿ. ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಹಾಗಾಗಿ ಸುಮ್ನೆ ದೂರದಿಂದ ಹಾಳುಮಾಡಬೇಡಿ. ಸಿಲಿಂಡರಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಆಗಾಗ ನೋಡಿ.

ಕ್ಯಾನಿನ ಬಾಯಿಗೆ ಬೆಂಕಿ ಹತ್ತಿದರೆ ಅದನ್ನು ಎತ್ತಿಕೊಂಡು ಹೊರಗೆ ಓಡಬೇಡಿ. ಓಡುವಾಗ ಮೈಮೇಲೆ ಚೆಲ್ಲುತ್ತದೆ. ಒದ್ದೆ ಗೋಣಿಚೀಲ ಮುಚ್ಚಿ ಗಾಳಿ ತಪ್ಪಿಸಿ. ಕೈಮೀರುತ್ತಿದೆ ಅನ್ನಿಸಿದರೆ ಎಲ್ಲರೂ ದೂರ ಹೋಗಿ 112 ಅಥವಾ 101ಕ್ಕೆ ಫೋನ್ ಮಾಡಿ. ಬಟ್ಟೆಗೆ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಉರುಳಬೇಕು, ಹತ್ತಿರ ಇದ್ದವರು ಉಣ್ಣೆಯ ಕಂಬಳಿ ಹೊದಿಸಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಹಚ್ಚಬೇಡಿ.

ಮಗು ಪೆಟ್ರೋಲ್ ಕುಡಿದರೆ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸಬಾರದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಟ್ಟೆಗೆ ಚೆಲ್ಲಿದ್ದರೆ ತೆಗೆದು ಮೈ ತೊಳೆದು, ಮಗು ಚೆನ್ನಾಗಿದ್ದಂತೆ ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂಗಾಮು ಮುಗಿದ ಮೇಲೆ

ಮೆಷಿನ್ ಎತ್ತಿಡುವ ಮೊದಲು ಟ್ಯಾಂಕಿನಲ್ಲಿ ಉಳಿದದ್ದನ್ನು ಕ್ಯಾನಿಗೆ ಬಸಿದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಯಲಲ್ಲಿ ಓಡಿಸಿ. ಎಣ್ಣೆ ಬೆರೆಸದ ಪೆಟ್ರೋಲ್ ಹೊಸದಾಗಿದ್ದರೆ ಬೈಕಿಗೆ ಹಾಕಿ ಮುಗಿಸಿ. ಹಳಸಿದ್ದನ್ನು ಚರಂಡಿಗೋ ತೋಟದ ಬಸಿಗಾಲುವೆಗೋ ಸುರಿಯಬೇಡಿ, ಅದು ಬಾವಿಯ ನೀರಿಗೆ ಸೇರುತ್ತದೆ. ಗ್ಯಾರೇಜಿನವರನ್ನು ಕೇಳಿ, ಭಾಗಗಳನ್ನು ತೊಳೆಯಲು ಅವರಿಗೆ ಬೇಕಾಗುತ್ತದೆ. ಕ್ಯಾನ್ ಖಾಲಿಯಾದರೂ ಅದರಲ್ಲಿ ಆವಿ ತುಂಬಿರುತ್ತದೆ. ಅದಕ್ಕೆ ವೆಲ್ಡಿಂಗ್ ಮಾಡಿಸುವುದು, ಕತ್ತರಿಸಿ ಬಕೆಟ್ ಮಾಡುವುದು ಬೇಡ. ಮುಚ್ಚಳ ಬಿಗಿದು, ಬೀಗ ಹಾಕಿದ ಗೂಡಿನಲ್ಲೇ ಇಡಿ.