ಚೈನ್ ಕಳಚಿದವನಿಗೆ ಇತಿಹಾಸ ಬೇಡ

ನಾನು ಇಂಟರ್ನೆಟ್‌ನಲ್ಲಿ ಸೈಕಲ್ ರಿಪೇರಿ ಬಗ್ಗೆ ಬರೆಯುತ್ತೇನೆ. ನನ್ನ ಮೊದಲ ಬರಹದ ತಲೆಬರಹ ‘ಸೈಕಲ್ ನಿರ್ವಹಣೆ: ಒಂದು ನೋಟ’. ಶುರು ಮಾಡಿದ್ದು 1817ರಿಂದ. ಆ ವರ್ಷ ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಚಕ್ರದ ಗಾಡಿ ಮಾಡಿ ಓಡಿಸಿ ತೋರಿಸಿದ. ಅದಕ್ಕೆ ಪೆಡಲ್ ಇರಲಿಲ್ಲ, ಚೈನೂ ಇರಲಿಲ್ಲ. ನಾನು ಹೇಳಹೊರಟಿದ್ದು ಮಾತ್ರ ಕಳಚಿದ ಚೈನ್ ಹಾಕೋದು ಹೇಗೆ ಅಂತ! ಓದಿದವರು ಬೆರಳೆಣಿಕೆಯಷ್ಟು ಜನ. ಅದರಲ್ಲಿ ಇಬ್ಬರು ನಮ್ಮ ಮನೆಯವರೇ.

ತಪ್ಪು ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು. ಈ ಬರಹ ಯಾರಿಗೆ ಬೇಕು? ದಾರಿ ಮಧ್ಯೆ ನಿಂತು, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು, ಒಂದೇ ಬೆರಳಲ್ಲಿ ಮೊಬೈಲ್ ಒತ್ತುತ್ತಿರುವವನಿಗೆ. ಅವನಿಗೆ ಕಾರ್ಲ್ ಡ್ರೈಸ್ ಕಟ್ಟಿಕೊಂಡು ಏನಾಗಬೇಕು?

ಹಾಗಾಗಿ ಈಗ ಬರೆಯುವ ಮೊದಲು ಒಂದು ಚೀಟಿ ತಗೊಂಡು ಒಂದೇ ಪ್ರಶ್ನೆ ಬರೆದುಕೊಳ್ಳುತ್ತೇನೆ, ಓದುಗ ಕೇಳುವ ಮಾತಲ್ಲೇ. ‘ಚೈನ್ ಬಿದ್ದೋಯ್ತು, ಹೆಂಗ್ ಹಾಕೋದು?’ ಒಂದು ಚೀಟಿಗೆ ಒಂದು ಬರಹ. ಎರಡು ಪ್ರಶ್ನೆ ಬಂದರೆ ಎರಡು ಬರಹ.

ತಲೆಬರಹ ಆ ಚೀಟಿಯಿಂದಲೇ ಹುಟ್ಟಬೇಕು. ನನ್ನದು ಕೊನೆಗೆ ಹೀಗಾಯಿತು: ‘ಗೇರ್ ಸೈಕಲ್ ಚೈನ್ ಕಳಚಿದರೆ ಮತ್ತೆ ಹಾಕುವುದು ಹೇಗೆ’. ನಡುವೆ ಒಮ್ಮೆ ‘ಈ ಟ್ರಿಕ್ ಕಂಡ್ರೆ ಬೆರಗಾಗ್ತೀರಿ’ ಅಂತಲೂ ಹಾಕಿ ನೋಡಿದ್ದೆ. ಜನ ಬಂದರು, ಬಂದ ಹಾಗೇ ಹೋದರು. ಬೆರಗಾಗುವಂಥದ್ದು ಒಳಗೆ ಏನೂ ಇರಲಿಲ್ಲವಲ್ಲ. ಇನ್ನೊಂದು ವಿಷಯ: ಗೂಗಲ್‌ನಲ್ಲಿ ಉದ್ದದ ತಲೆಬರಹದ ಬಾಲ ಕತ್ತರಿಸಿ ಹೋಗುತ್ತದೆ. ಮುಖ್ಯವಾದ ಪದ ಮುಂದೆಯೇ ಇರಲಿ.

ಇನ್ನು ಮೊದಲ ಪ್ಯಾರಾ. ಇಲ್ಲೇ ಜಾಸ್ತಿ ಹೊತ್ತು ಕೂರಿ. ನನ್ನ ಹೊಸ ಬರಹ ಹೀಗೆ ಶುರುವಾಗುತ್ತದೆ:

‘ಹಿಂದಿನ ಗೇರನ್ನು ಅತಿ ಚಿಕ್ಕ ಚಕ್ರಕ್ಕೆ ಹಾಕಿ. ಹಿಂದೆ ಜೋತಾಡುವ ಗೇರ್ ತೋಳನ್ನು ಮುಂದಕ್ಕೆ ತಳ್ಳಿ ಹಿಡಿಯಿರಿ, ಚೈನ್ ಸಡಿಲವಾಗುತ್ತದೆ. ಪೆಡಲ್ ಬಳಿಯ ಹಲ್ಲುಚಕ್ರದ ಕೆಳಭಾಗದ ಹಲ್ಲುಗಳಿಗೆ ಚೈನ್ ಸಿಕ್ಕಿಸಿ, ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ.’

ಅಷ್ಟೇ, ಕೆಲಸ ಮುಗಿಯಿತು. ಉತ್ತರ ಮೊದಲೇ ಕೊಟ್ಟರೆ ಓದುಗ ಹೋಗಿಬಿಡುತ್ತಾನೆ ಅಂತ ನನಗೂ ಭಯ ಇತ್ತು. ಕೆಲವರು ಹೋಗುತ್ತಾರೆ, ಹೋಗಲಿ ಬಿಡಿ. ಉಳಿದವರಿಗೆ ‘ಪದೇ ಪದೇ ಯಾಕೆ ಕಳಚುತ್ತದೆ’ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ. ಅದು ಮುಂದಿನ ಚೀಟಿ.

ತೆರೆಯ ಮೇಲೆ ಯಾರೂ ಪದ ಪದ ಹಿಡಿದು ಓದುವುದಿಲ್ಲ ಅನ್ನುವುದು ಹಳೇ ಸಂಗತಿ. ಜನ ವೆಬ್‌ಸೈಟ್ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 1997ರಲ್ಲೇ ತಮ್ಮ ಪರೀಕ್ಷೆಯ ಫಲ ಬರೆದಿದ್ದರು. ಶೇ. 79ರಷ್ಟು ಜನ ಹೊಸ ಪುಟದ ಮೇಲೆ ಸುಮ್ನೆ ಕಣ್ಣಾಡಿಸುತ್ತಿದ್ದರು, ಪದ ಬಿಡದೆ ಓದಿದವರು ಶೇ. 16 ಮಾತ್ರ. ಆಗ ಕೈಯಲ್ಲಿ ಸ್ಮಾರ್ಟ್‌ಫೋನೂ ಇರಲಿಲ್ಲ! ಅದಕ್ಕೇ ಪ್ಯಾರಾ ಚಿಕ್ಕದಿರಲಿ. ಉಪತಲೆಬರಹ ಓದಿದರೇ ಒಳಗೇನಿದೆ ಅಂತ ತಿಳಿಯಬೇಕು. ‘ಪೀಠಿಕೆ’, ‘ವಿವರಣೆ’ ಅಂತ ಹಾಕಿದರೆ ಏನು ತಿಳಿಯುತ್ತದೆ?

ಕನ್ನಡದಲ್ಲಿ ಬರೆಯುವವರಿಗೆ ಒಂದು ಕಿವಿಮಾತು. ‘ಸರಪಳಿ’ ಚೆಂದದ ಪದ, ನನಗೂ ಇಷ್ಟ. ಆದರೆ ಹುಡುಕುವವನು ಟೈಪ್ ಮಾಡುವುದು ‘ಚೈನ್’ ಅಂತಲೇ. ತಲೆಬರಹದಲ್ಲಿ ಅವನ ಪದ ಇರಲಿ, ನಿಮ್ಮ ಇಷ್ಟದ ಪದ ಒಳಗೆ ಎಲ್ಲಾದರೂ ಬಂದೀತು. ಬರಹದ ಲಿಂಕ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇರಲಿ. ಕನ್ನಡದಲ್ಲಿ ಇಟ್ಟ ಲಿಂಕನ್ನು ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದದ ಸಾಲಾಗುತ್ತದೆ. ‘ಸೈಕಲ್’ ಅನ್ನುವ ಪುಟ್ಟ ಪದವೇ ಅಲ್ಲಿ 45 ಅಕ್ಷರ ತಿನ್ನುತ್ತದೆ. ಅಂಥ ಲಿಂಕ್ ನೋಡಿ ವೈರಸ್ ಇರಬೇಕು ಅಂತ ಗೆಳೆಯನೊಬ್ಬ ಒತ್ತಲೇ ಇಲ್ಲ.

ಬರೆದು ಮುಗಿದ ಮೇಲೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೊಬೈಲಲ್ಲೇ ತೆರೆದು ಜೋರಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಮುರಿಯಿರಿ. ಚಿತ್ರ ಒಂದಿದ್ದರೂ ಸಾಕು, ನೀವೇ ತೆಗೆದದ್ದಾಗಿರಲಿ. ನನ್ನ ಚಿತ್ರದಲ್ಲಿ ಉಗುರಲ್ಲೆಲ್ಲ ಗ್ರೀಸ್ ಇದೆ. ಅದನ್ನು ನೋಡಿಯೇ ನಂಬಿಕೆ ಬಂತು ಅಂದವರಿದ್ದಾರೆ.

ಒಂದೆರಡು ತಿಂಗಳ ನಂತರ ಗೂಗಲ್ ಸರ್ಚ್ ಕನ್ಸೋಲ್ ತೆರೆದು ನೋಡಿ, ದುಡ್ಡೇನೂ ಕೊಡಬೇಕಿಲ್ಲ. ಯಾವ ಪದ ಹುಡುಕಿದವರಿಗೆ ನಿಮ್ಮ ಬರಹ ಕಂಡಿತು, ಎಷ್ಟು ಜನ ಒತ್ತಿದರು ಅಂತ ಅಲ್ಲಿ ಸಿಗುತ್ತದೆ. ತುಂಬ ಜನರಿಗೆ ಕಂಡೂ ಯಾರೂ ಒತ್ತಿಲ್ಲ ಅಂದರೆ ಮೊದಲು ತಲೆಬರಹದ ಮೇಲೆ ಅನುಮಾನ ಪಡಿ. ನನ್ನ ಪಟ್ಟಿಯಲ್ಲಿ ‘ಚೈನ್ ಕಟಕಟ ಸದ್ದು’ ಅಂತ ಒಂದು ಸಾಲು ಕಂಡಿತು. ಅದರ ಬಗ್ಗೆ ನಾನು ಬರೆದೇ ಇರಲಿಲ್ಲ. ಆ ಚೀಟಿ ಈಗ ಮೇಜಿನ ಮೇಲಿದೆ.