ನೀಲಿ ಮುಚ್ಚಳದ ಟ್ಯೂಬು

ತೀರ್ಥಹಳ್ಳಿಯ ನನ್ನ ಕ್ಲಿನಿಕ್ಕಿನಲ್ಲಿ ಮೂವತ್ತು ಮೀಟರ್ ಉದ್ದದ ಜಾಗವಿಲ್ಲ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ, ಇರುವವರು ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆಯಲು ಅಷ್ಟು ಬೇಕು. ಪಕ್ಕದ ಮನೆಯವರ ಅಡಿಕೆ ಅಂಗಳದಲ್ಲಿ ಹಗ್ಗ ಹಿಡಿದು ಅಳೆದು, ಎರಡು ತುದಿಗೂ ಕುರ್ಚಿಯಿಟ್ಟು ನಡೆಸುತ್ತಿದ್ದೆ. ಕೊಯ್ಲು ಶುರುವಾದರೆ ಅಂಗಳದ ತುಂಬ ಬೇಯಿಸಿದ ಅಡಿಕೆ. ಜೂನ್ ಬಂದರೆ ಮಳೆ. ತೂಕ, ಊದುವ ಪರೀಕ್ಷೆ, ಏದುಸಿರು, ನಡಿಗೆ ನಾಲ್ಕನ್ನೂ ಕೂಡಿಸಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ‘ಬೋಡ್’ ಸೂಚ್ಯಂಕ 2004ರಿಂದ ಇದೆ. ಅಂಕ ಏರಿದಷ್ಟೂ ಸಾವಿನ ಅಪಾಯ ಹೆಚ್ಚು. ನಡಿಗೆಯಿಲ್ಲದೆ ಅದು ಪೂರ್ತಿಯಾಗುವುದಿಲ್ಲ. ಹೀಗೆ, ಮಳೆಯ ಕಾಟಕ್ಕೆ, ರಕ್ತಪರೀಕ್ಷೆಯ ಕಡೆ ತಿರುಗಿದೆ.

ಆರಿಸಿಕೊಂಡದ್ದು ಫೈಬ್ರಿನೋಜೆನ್. ಯಕೃತ್ತು ತಯಾರಿಸುವ ಈ ಪ್ರೋಟೀನು ರಕ್ತ ಹೆಪ್ಪುಗಟ್ಟಲು ಬೇಕು. ಮೈಯಲ್ಲಿ ಉರಿಯೂತವಿದ್ದರೆ ಏರುತ್ತದೆ. ಸಿಒಪಿಡಿ ಔಷಧ ಪ್ರಯೋಗಗಳಿಗೆ ಹೆಚ್ಚು ಅಪಾಯದಲ್ಲಿರುವವರನ್ನು ಆರಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಇದನ್ನು ಒಪ್ಪಿತು. ಗುಂಪಿನಿಂದ ಆರಿಸಲು, ಒಬ್ಬರ ಆಯಸ್ಸು ಹೇಳಲು ಅಲ್ಲ. ಈ ವ್ಯತ್ಯಾಸ ನನ್ನ ತಲೆಗೆ ಇಳಿಯಲು ಒಂದು ವರ್ಷ ಬೇಕಾಯಿತು.

ಮೊದಲು ಪೆಟ್ಟು ತಿಂದದ್ದು ಟ್ಯೂಬಿನಲ್ಲಿ. ಬೀಡಿ ಮುಟ್ಟದೆ, ನಲವತ್ತು ವರ್ಷ ಸೌದೆ ಒಲೆ ಮತ್ತು ಬಚ್ಚಲೊಲೆ ಊದಿದ ಅಜ್ಜಿಯೊಬ್ಬರ ವರದಿ ಡೆಸಿಲೀಟರಿಗೆ 340 ಮಿಲಿಗ್ರಾಂ ಎಂದು ಬಂತು, ಅಪಾಯದ ಗೆರೆಯಾದ 350ರ ಕೆಳಗೆ. ಖುಷಿಯಾಗಿ ಅವರ ಮಗನಿಗೆ ಫೋನು ಮಾಡಿದೆ. ರಾತ್ರಿ ಅನುಮಾನ ಹುಟ್ಟಿತು: ನರ ಸಣ್ಣದೆಂದು ನಾನೇ ಅರ್ಧಕ್ಕೆ ಸೂಜಿ ತೆಗೆದಿದ್ದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರವ ಒಂದು ಪಾಲು, ರಕ್ತ ಒಂಬತ್ತು ಪಾಲು ಇರಬೇಕು. ಗುರುತಿನವರೆಗೆ ತುಂಬದಿದ್ದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ನೀರಾಗಿ ಅಂಕಿ ಸುಳ್ಳುಸುಳ್ಳೇ ಇಳಿಯುತ್ತದೆ. ಮರುದಿನ ಪೂರ್ತಿ ತುಂಬಿ, ಮಂಡಗದ್ದೆ ದಾರಿಯ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದೆ. 430. ಮಗನಿಗೆ ಇನ್ನೊಂದು ಫೋನು ಮಾಡುವುದು ಅಷ್ಟು ಸುಲಭವಾಗಿರಲಿಲ್ಲ.

ಆಮೇಲೆ ಜ್ವರ, ಕಫ ಹೆಚ್ಚಿದ ದಿನಗಳಲ್ಲಿ ಪರೀಕ್ಷೆ ಮಾಡುವುದನ್ನು ಬಿಟ್ಟೆ. ಆಗ ಯಾರಿಗಾದರೂ ಏರುತ್ತದೆ. ಆರೇಳು ವಾರ ಕಾದು ಮತ್ತೊಮ್ಮೆ ನೋಡುತ್ತೇನೆ. ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣದ ಎಣಿಕೆಯನ್ನೂ ಬರೆದುಕೊಳ್ಳುತ್ತೇನೆ, ಆದರೆ ಅದು ಹೇಳುವುದು ಸ್ಟೀರಾಯ್ಡ್ ಇನ್‌ಹೇಲರ್ ಕೆಲಸ ಮಾಡೀತೇ ಎಂಬುದನ್ನು. ಬರಿಗಾಲಲ್ಲಿ ತೋಟಕ್ಕೆ ಇಳಿಯುವವರಲ್ಲಿ ಈ ಎಣಿಕೆಯನ್ನು ಮೈಕ್ರೋಲೀಟರಿಗೆ 300ರ ಗೆರೆ ದಾಟಿಸುವುದು ಕೊಕ್ಕೆಹುಳವೂ ಇರಬಹುದು!

ಎರಡೂ ಸಲ ಫೈಬ್ರಿನೋಜೆನ್ 350ಕ್ಕಿಂತ ಮೇಲಿದ್ದು, ನಡಿಗೆಯೂ ಕುಗ್ಗಿದವರ ಹೆಸರು ಈಗ ಬೇರೆ ಪುಸ್ತಕದಲ್ಲಿದೆ. ಮಳೆ ಹಿಡಿಯುವ ಮೊದಲು ಅವರನ್ನು ಕರೆಸಿ ಫ್ಲೂ ಲಸಿಕೆ ಹಾಕುತ್ತೇನೆ, ಇನ್‌ಹೇಲರನ್ನು ನನ್ನೆದುರೇ ಎಳೆಸುತ್ತೇನೆ. ಅಜ್ಜಿ ಚೀಟಿ ತಿರುಗಿಸಿ ಕೇಳಿದರು, “ಡಾಕ್ಟರೇ, ಇದರಲ್ಲಿ ಎಷ್ಟು ವರ್ಷ ಎಂದು ಬರೆದಿದೆ?”

“ವರ್ಷ ಬರೆದಿಲ್ಲ ಅಮ್ಮ. ಮೇ ತಿಂಗಳಲ್ಲಿ ಬನ್ನಿ ಎಂದಿದೆ.”

“ಮೇ ತಿಂಗಳಲ್ಲಿ ಮೂರು ಮದುವೆ ಇವೆ. ಏಪ್ರಿಲ್‌ನಲ್ಲೇ ಬರುತ್ತೇನೆ.”